ಅಪೇಕ್ಷಾ ಒತ್ತಿದ ‘ತಡಿ’

ನಮ್ಮ ಯಜಮಾನರಿಗೆ ಒಂದು ಕೆಟ್ಟ ಚಾಳಿ. ಎದುರಿನವರ ಮಾತು ಪೂರ್ತಿ ಹೊರಬೀಳುವ ಮೊದಲೇ ಅದನ್ನು ಹಿಡಿದು ತಾವೇ ಮುಗಿಸಿಬಿಡುತ್ತಾರೆ. ನಾನು ‘ಉಪ್ಪು’ ಅನ್ನುವಷ್ಟರಲ್ಲಿ ‘ಹೌದು, ಜಾಸ್ತಿ ಆಗ್ಯದ’ ಎಂದಿರುತ್ತಾರೆ. ನಾನು ಹೇಳಹೊರಟಿದ್ದು ಅಂಗಡಿಯಿಂದ ಉಪ್ಪು ತನ್ನಿ ಎಂದು. ಜೀವಮಾನವೆಲ್ಲ ತಾರ್ ಆಫೀಸಿನಲ್ಲಿ ಕೂತು, ಕಟಕಟ ಸದ್ದು ಕೇಳಿ ಜನರ ತಂತಿ ಬರೆದುಕೊಂಡವರು. ಅಲ್ಲಿ ಹೀಗೆ ಊಹೆಯ ಮೇಲೆ ಬರೆದರೆ ಸಾಹೇಬರು ಚರ್ಮ ಸುಲಿಯುತ್ತಿದ್ದರಂತೆ. ಅಲ್ಲಿ ಗಂಟು ಕಟ್ಟಿಟ್ಟ ಊಹೆಗಳನ್ನೆಲ್ಲ ಈಗ ಖಡಕಿ ಎಂಬ ಈ ಮರಾಠಿ ಊರಿನ ಮನೆಯಲ್ಲಿ ಬಿಚ್ಚುತ್ತಿದ್ದಾರೆ.

ಈ ಚಾಳಿಗೆ ಹೆಚ್ಚು ಸಿಕ್ಕಿಬಿದ್ದವಳು ಮೊಮ್ಮಗಳು ಅಪೇಕ್ಷಾ. ಹುಟ್ಟಿದಾಗಿನಿಂದ ಅವಳ ಕೈಕಾಲು ಅವಳ ಮಾತು ಕೇಳುವುದಿಲ್ಲ, ನಾಲಿಗೆ ಹೊರಳುವುದಿಲ್ಲ. ಬುದ್ಧಿ ಮಾತ್ರ ಭಾರಿ ಚುರುಕು. ಬಲಗೈ ಮುಷ್ಟಿಯೊಂದು ಅಷ್ಟಿಷ್ಟು ಆಡುವುದನ್ನು ನೋಡಿ ಇವರೇ ಅವಳಿಗೆ ತಂತಿಯವರ ಕಟಕಟ ಭಾಷೆ ಮೋರ್ಸ್ ಕಲಿಸಿದರು. ಗಾಲಿಕುರ್ಚಿಯ ಹಲಗೆಯ ಮೇಲೆ ಎರಡು ದೊಡ್ಡ ಗುಂಡಿಗಳಿವೆ. ಒಂದನ್ನು ಒತ್ತಿದರೆ ಗಿಡ್ಡ ಸದ್ದು, ಇನ್ನೊಂದಕ್ಕೆ ಉದ್ದ ಸದ್ದು. ಸದ್ದುಗಳು ಕೂಡಿ ಅಕ್ಷರ, ಅಕ್ಷರಗಳು ಕೂಡಿ ಮಾತು. ವಾಕ್ಯ ಮುಗಿದ ಮೇಲೆ ಹಲಗೆಗೆ ಜೋಡಿಸಿದ ಫೋನು ಅದನ್ನು ಗಟ್ಟಿಯಾಗಿ ಓದುತ್ತದೆ. ಎಲ್ಲರೂ ಸತ್ತುಹೋಯಿತು ಎಂದ ವಿದ್ಯೆ ನಮ್ಮ ಹುಡುಗಿಗೆ ಬಾಯಿ ಕೊಟ್ಟಿತು. ಅದೊಂದಕ್ಕಾಗಿ ನಾನು ಇವರ ಎಷ್ಟೋ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಅಕ್ಷರದ ಜೊತೆಗೆ ತಾರ್ ಆಫೀಸಿನ ಶಿಸ್ತನ್ನೂ ಕಲಿಸಿದ್ದರು. ಗಿಡ್ಡ, ಉದ್ದ, ಮತ್ತೆ ಮೂರು ಗಿಡ್ಡ ಸದ್ದು ಬಂದರೆ ‘ತಡಿ’ ಎಂದರ್ಥ. ಅದು ಕೇಳಿದ ಮೇಲೆ ಎಂಥ ದೊಡ್ಡವನೂ ಕೈ ಎತ್ತಿ ಸುಮ್ಮನೆ ಕೂರಬೇಕು.

ಮೊನ್ನೆ ಅಪೇಕ್ಷಾಳ ಕಾಲೇಜು ಸೀಟಿನ ಸಂದರ್ಶನವಿತ್ತು. ಮಗನಿಗೂ ಸೊಸೆಗೂ ರಜೆ ಸಿಗದೆ ನಾವಿಬ್ಬರು ಮುದುಕರೇ ಅವಳನ್ನು ಕರೆದುಕೊಂಡು ಹೋದೆವು. ಕಾಲೇಜಿನ ಮೇಡಂ ಒಳ್ಳೆಯವರೇ. ಆದರೆ ತರಗತಿಯಲ್ಲಿ ಈ ಹುಡುಗಿ ತಾನಾಗಿ ಉತ್ತರ ಹೇಳಬಲ್ಲಳೇ ಎಂಬ ಅನುಮಾನ ಅವರ ಮುಖದ ಮೇಲೇ ಇತ್ತು. ಇತಿಹಾಸವೇ ಯಾಕೆ ಬೇಕು ಎಂದು ಮರಾಠಿಯಲ್ಲಿ ಕೇಳಿದರು.

ಅಪೇಕ್ಷಾ ನಾಲ್ಕು ಅಕ್ಷರ ಒತ್ತಿರಬಹುದು. ಇವರು ಆಗಲೇ ಶುರುಮಾಡಿದರು. “ಸಣ್ಣಾಕಿ ಇದ್ದಾಗಿಂದ ಶಿವಾಜಿ ಮಹಾರಾಜರ ಕಥಿ ಅಂದ್ರ ಪ್ರಾಣ, ಅದಕ್ಕ” ಎಂಬುದನ್ನು ತಮ್ಮ ಹಳೆಯ ಮರಾಠಿಯಲ್ಲಿ ಹೇಳಿ ಮುಗಿಸಿದರು. ಹುಡುಗಿಯ ಮುಷ್ಟಿ ಗಾಳಿಯಲ್ಲೇ ನಿಂತಿತು. ಎರಡನೆಯ ಪ್ರಶ್ನೆಗೂ ಅದೇ ಹಾಡು.

ಮೇಡಂ ಪೆನ್ನು ಕೆಳಗಿಟ್ಟರು. “ಆಜೋಬಾ, ಸೀಟು ಬೇಕಾಗಿರುವುದು ಯಾರಿಗೆ?”

ನಾನು ಇವರ ತೊಡೆ ಚಿವುಟಿದೆ. ಅದಕ್ಕೂ ಬಗ್ಗದೆ ಇವರು ಮತ್ತೆ ಬಾಯಿ ತೆರೆದಾಗ ಗುಂಡಿಗಳು ಸದ್ದು ಮಾಡಿದವು. ಗಿಡ್ಡ. ಉದ್ದ. ಗಿಡ್ಡ, ಗಿಡ್ಡ, ಗಿಡ್ಡ.

ಇವರ ಬಾಯಿ ಮುಚ್ಚಿತು. ಮದುವೆಯಾದಾಗಿನಿಂದ ನನ್ನ ಕೈಲಿ ಆಗದ ಕೆಲಸ ಅದು.

ಅಪೇಕ್ಷಾ ಬಹಳ ಹೊತ್ತು ಒತ್ತಿದಳು. ಬೆವರು ಕೆನ್ನೆಗಿಳಿಯಿತು. ಕೊನೆಗೆ ಫೋನು ಓದಿತು: “ಅಜ್ಜನಿಗೆ ನನ್ನ ಮೇಲೆ ಪ್ರೀತಿ ಹೆಚ್ಚು, ಅದಕ್ಕೇ ಅವಸರ. ಇತಿಹಾಸದಲ್ಲಿ ರಾಜರೇ ಮಾತಾಡುತ್ತಾರೆ. ಸುಮ್ಮನಿದ್ದವರು ಏನು ಹೇಳಬೇಕೆಂದಿದ್ದರು ಅನ್ನುವುದು ನನಗೆ ಬೇಕು. ನಾನು ನಿಧಾನ. ನೀವು ಕಾಯುತ್ತೀರಾ?”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಕಾಯ್ತೀವಿ ಬಾಳಾ” ಎಂದರು, ಮಗೂ ಎನ್ನುವ ಹಾಗೆ. ಸೀಟು ಸಿಕ್ಕಿತು.

ಇವರು ಮಾತ್ರ ಪಿಟ್ಟೆನ್ನಲಿಲ್ಲ. ರಿಕ್ಷಾದಲ್ಲಿ ಮಾತಿಲ್ಲ. ಮನೆಯಲ್ಲಿ ಚಹಾ ಕೊಟ್ಟರೆ ಮಾತಿಲ್ಲ. ಮಗ ಫೋನು ಮಾಡಿದರೆ ನನ್ನ ಕೈಗೆ ಕೊಟ್ಟರು. ನನಗೆ ಪಿತ್ತ ನೆತ್ತಿಗೇರಿತು.

“ಏನ್ರಿ, ಕೂಸು ನಾಕ್ ಮಂದ್ಯಾಗ ಬಾಯಿ ಮುಚ್ಚಸ್ತು ಅಂತ ಸಿಟ್ಟೇನು? ಸೀಟ್ ಸಿಕ್ಕದ, ಒಂದ್ ಮಾತರ ಆಡ್ರಿ.”

ಸಿಟ್ಟಿಲ್ಲವೆಂದು ತಲೆಯಾಡಿಸಿದರು, ಅಷ್ಟೇ. ಅಪೇಕ್ಷಾಳ ಕಣ್ಣು ತುಂಬಿತು. ಅಜ್ಜನನ್ನು ನೋಯಿಸಿದೆ ಎಂದುಕೊಂಡಿತು ಪಾಪ. ಅದನ್ನು ನೋಡಿ ಇವರ ಕಣ್ಣೂ ತುಂಬಿತು, ಆದರೂ ತುಟಿ ಬಿಚ್ಚಲಿಲ್ಲ. ಅವಳ ಕುರ್ಚಿಯ ಮುಂದೆ ಬಂದು ಕೂತು, ಕೈಕಟ್ಟಿಕೊಂಡು, ಆ ಎರಡು ಗುಂಡಿಗಳನ್ನೇ ನೋಡತೊಡಗಿದರು.

ಹುಡುಗಿ ಅವರ ಮುಖ ನೋಡಿದಳು, ಗುಂಡಿ ನೋಡಿದಳು. ಆಮೇಲೆ ಮೈಯೆಲ್ಲ ಕುಲುಕಿಸಿ ನಗತೊಡಗಿದಳು. ನಗುತ್ತಲೇ ಒತ್ತಿದಳು. ಉದ್ದ, ಗಿಡ್ಡ, ಉದ್ದ. ‘ಇನ್ನು ನೀ ಹೇಳು’ ಎಂಬ ಸದ್ದಂತೆ ಅದು. ‘ತಡಿ’ ಅಂದವರು ಆ ಸದ್ದು ಕೊಡುವ ತನಕ ಈಚೆಯವನು ಮಾತಾಡುವಂತಿಲ್ಲ. ಹುಡುಗಿ ಮರೆತಿದ್ದಳು. ಮುದುಕ ಮರೆತಿರಲಿಲ್ಲ.

ಇವರು ಅವಳ ಮುಷ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಎಲ್ಲಾ ಮುಟ್ಟಿತು ನನ್ನವ್ವಾ” ಎಂದರು. “ನೀ ಹೇಳಿದ್ದೆಲ್ಲಾ ಮುಟ್ಟಿತು. ನಾ ಅನ್ಕೊಂಡಿದ್ದು ಒಂದೂ ಅದರಾಗ ಇರ್ಲಿಲ್ಲ ನೋಡು.” ಹೇಳುತ್ತ ಹೇಳುತ್ತ ಗೊಳೋ ಎಂದು ಅತ್ತರು. ಇಂಥ ಮನುಷ್ಯನನ್ನು ಬೈದೆನಲ್ಲ ಎಂದು ನನಗೂ ಅಳು ಬಂತು.

ಆ ಅಳು ಬಹಳ ಹೊತ್ತು ಬಾಳಲಿಲ್ಲ. ಕಟ್ಟೆ ಒಡೆದ ಹಾಗೆ ಶುರುಮಾಡಿದರು. ಮೇಡಂ ಮಾತು, ರಿಕ್ಷಾದವನ ಮಾತು, ಚಹಾದಲ್ಲಿ ಸಕ್ಕರೆ ಕಡಿಮೆಯಾದ ಮಾತು. ರೊಟ್ಟಿ ಬಡಿದು ಮುಗಿಸಿದರೂ ಇವರದು ಮುಗಿಯಲಿಲ್ಲ.

ನಾನು ಕೈ ಒರೆಸಿಕೊಂಡು ಅಪೇಕ್ಷಾಳ ಪಕ್ಕದಲ್ಲಿ ಕೂತೆ. “ಅವ್ವೀ, ಆ ‘ತಡಿ’ ಅನ್ನೂದು ಹೆಂಗ ಒತ್ತೂದು, ನನಗೂ ಕಲಸು” ಎಂದೆ.