ಹೊಸ್ತಿಲೊಳಗಿನ ಡಬ್ಬಿ

ಬಾಲಮ್ಮ ಸಂಜೆ ದೇವರಿಗೆ ದೀಪ ಹಚ್ಚಿ ಕೈಮುಗಿದು ಏಳುವಷ್ಟರಲ್ಲಿ ಮೈದುನ ಪೆದ್ದಯ್ಯ ಬಂದು ಬಾಗಿಲಾಚೆಯೇ ನಿಂತ.

"ಅತ್ತಿಗಿ, ಆ ಡಬ್ಬಿ ಒಂದು ತಾಸು ಕೊಡ್ರಿ. ಆಕಿಗಿ ದಮ್ಮು ಹತ್ತೈತಿ."

ಅವನು ಹೇಳಬೇಕಾಗಿರಲಿಲ್ಲ. ನಡುಗೋಡೆಯಾಚೆ ಅವನ ಹೆಂಡತಿ ಭೀಮಮ್ಮನ ಎದೆಯ ಸಿಳ್ಳು ಒಲೆಯ ಮುಂದಿದ್ದ ಸೊಸೆ ರಜಿತಾಳಿಗೂ ಕೇಳುತ್ತಿತ್ತು. ಮಕ್ತಲ್‌ನ ಡಾಕ್ಟರು ಕೊಡಿಸಿದ್ದ ಔಷಧದ ಹಬೆ ಬಿಡುವ ಮುಷ್ಟಿಗಾತ್ರದ ಮಷೀನಿನಲ್ಲಿ ಚಾರ್ಜು ಮುಗಿದಿತ್ತು. ತೆಲಂಗಾಣ ಬೇರೆ ರಾಜ್ಯವಾದ ಮೇಲೆ ಕರೆಂಟು ಹೋಗುವುದು ಅಪರೂಪ. ಆದರೆ ಆವತ್ತು ಬೆಳಿಗ್ಗೆಯ ಗಾಳಿಗೆ ಮಾಗನೂರು ದಾರಿಯ ಕಂಬ ಉರುಳಿತ್ತು.

ಕರೆಂಟು ತುಂಬಿಟ್ಟುಕೊಳ್ಳುವ ಆ ಡಬ್ಬಿ ಗೂಡಿನಲ್ಲಿತ್ತು. ಬ್ಯಾಟರಿ ಸತ್ತ ಗಾಡಿಯನ್ನು ಚಾಲು ಮಾಡಲೆಂದು ರಜಿತಾಳ ಗಂಡ ಬೀರಲಿಂಗಪ್ಪ ಅದನ್ನು ತಂದಿದ್ದ. ಗಾಡಿಗೆ ಹೊಸ ಬ್ಯಾಟರಿ ಬಂದ ಮೇಲೆ ಡಬ್ಬಿ ಮನೆಯಲ್ಲೇ ಉಳಿಯಿತು, ರಜಿತಾ ಅದಕ್ಕೆ ಬೇರೆ ಕೆಲಸ ಹಚ್ಚಿದಳು. ಫೋನಿನ ವೈರು ಸಿಕ್ಕಿಸಿ ಸಣ್ಣ ಫ್ಯಾನು ತಿರುಗಿಸಿ ಒಲೆ ಊದುತ್ತಿದ್ದಳು. ಹುಳ ಬಿದ್ದ ಕುರಿಯ ಗಾಯದ ಸುತ್ತ ಉಣ್ಣೆ ಕತ್ತರಿಸುವ ಮಷೀನಿಗೂ, ಹಟ್ಟಿಯಲ್ಲಿ ಕುರಿ ಈಯುವಾಗಿನ ಬಲ್ಬಿಗೂ ಅದೇ. ಮೊದಲ ದಿನ ಅದರ ಎರಡು ಚಿಮಟ ಒಂದಕ್ಕೊಂದು ತಗುಲಿ ಕಿಡಿ ಹಾರಿದ್ದನ್ನು ಕಂಡ ಬಾಲಮ್ಮ ಮಾತ್ರ ಅದಕ್ಕೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿ, ಇದು ಬೆಂಕಿ ಎಂದು ತೀರ್ಮಾನಿಸಿದ್ದಳು.

"ದೀಪ ಹಚ್ಚೀನಲ್ಲಪ್ಪ. ಇನ್ನ ಮನಿ ಬೆಂಕಿ ಹೊಸಲು ದಾಟಂಗಿಲ್ಲ," ಎಂದಳು ಬಾಲಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಆಕೀನ ಒಳಗ ಕರಕೊಂಡ್ ಬಾ."

ಪೆದ್ದಯ್ಯ ತಲೆ ತಗ್ಗಿಸಿದ. ಹೋದ ವರ್ಷ ಮನೆ ಪಾಲಾದ ದಿನ ಭೀಮಮ್ಮ ಅದೇ ಭಂಡಾರ ಮುಟ್ಟಿ ಆಣೆ ಇಟ್ಟಿದ್ದಳು, ಈ ಹೊಸ್ತಿಲು ತುಳಿಯೆನೆಂದು. ಭಂಡಾರದ ಆಣೆ ಮುರಿಯುವವರು ಆ ಕುಲದಲ್ಲಿ ಯಾರೂ ಇರಲಿಲ್ಲ.

ಉಸಿರು ಕಟ್ಟುತ್ತ ಬಂದಂತೆ ಸಿಳ್ಳು ಇನ್ನೂ ಸಣ್ಣದಾಯಿತು. ಎಂಟನೆಯ ತರಗತಿಗೇ ಸಾಲಿ ಬಿಟ್ಟು, ಮದುವೆಯಾಗಿ ಬಂದ ಹೊಸದರಲ್ಲಿ ರಜಿತಾ ತಟ್ಟಿದ ರೊಟ್ಟಿಯೆಲ್ಲ ಹರಿಯುತ್ತಿದ್ದಾಗ, ಕೈಮೇಲೆ ಕೈಯಿಟ್ಟು ಕಲಿಸಿದವಳು ಭೀಮಮ್ಮ. ರಜಿತಾ ಎದ್ದು ಹಿಟ್ಟಿನ ಕೈ ಒರೆಸಿಕೊಂಡು, ಮನೆಯಲ್ಲಿದ್ದ ಉದ್ದನೆಯ ವೈರು ತಂದಳು.

"ಅತ್ತಿ, ಡಬ್ಬಿ ಒಳಗ ಇರಲಿ. ಸಣ್ಣತ್ತಿ ಹೊರಗ ಕಟ್ಟಿ ಮ್ಯಾಲ ಕುಂದ್ರಲಿ."

ಸೊಸೆಯ ಬಾಯಲ್ಲಿ ಒಮ್ಮೆಗೇ ಇಷ್ಟು ಮಾತು ಬಂದದ್ದು ಬಾಲಮ್ಮನಿಗೆ ಹೊಸದು. "ವೈರಿನಾಗ ಹೋಗೂದು ಬೆಂಕಿ ಅಲ್ಲೇನು? ನೀರೇನು?"

ರಜಿತಾ ವೈರನ್ನು ಬೆರಳಿಗೆ ಸುತ್ತಿಕೊಂಡಳು. "ಸುಡಂಗಿಲ್ರಿ. ನಾ ದಿನಾ ಮುಟ್ಟತೀನಿ."

ಬಾಲಮ್ಮ ಸೆರಗು ಎಳೆದುಕೊಂಡು ಬಾಗಿಲಿಂದ ಪಕ್ಕಕ್ಕೆ ಸರಿದಳು. ಪೆದ್ದಯ್ಯ ಆಗಲೇ ಓಡಿದ್ದ.

ಭೀಮಮ್ಮ ಗಂಡನ ಹೆಗಲು ಹಿಡಿದು ಬಂದು ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತಳು. ರಜಿತಾ ಒಳಗಿನ ಡಬ್ಬಿಗೆ ವೈರು ಸಿಕ್ಕಿಸಿ ಬಂದು ಮಾಸ್ಕು ಹಿಡಿದಳು. ಮಷೀನು ಗುಯ್ಯೆಂದು ಹಬೆ ಬಿಟ್ಟಿತು. ಆದರೆ ವೈರು ಬಿಗಿದು ನಿಂತಿತ್ತು. ಹಟ್ಟಿಯಿಂದ ತಪ್ಪಿಸಿಕೊಂಡ ಕುರಿಮರಿ ಅದಕ್ಕೆ ಕಾಲು ತೊಡರಿಸಿ ಎರಡು ಸಲ ಹಬೆ ನಿಲ್ಲಿಸಿತು. ಎರಡನೆಯ ಸಲ ಭೀಮಮ್ಮನ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು.

"ಮರಿ ಕಟ್ಟಾಕ ಬರಂಗಿಲ್ಲೇನು ನಿನಗ?" ಸೊಸೆಯನ್ನು ಬೈಯುತ್ತಲೇ ಬಾಲಮ್ಮ ಹೊಸ್ತಿಲ ಒಳಗೆ ಚಕ್ಕಂಬಕ್ಕಳ ಹಾಕಿ ಕೂತಳು. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ವೈರಿನ ಬುಡವನ್ನು ಗಟ್ಟಿಯಾಗಿ ಒತ್ತಿ ಹಿಡಿದಳು.

ಹಬೆ ನಡೆಯಿತು. ಸಿಳ್ಳು ಮೆಲ್ಲಗೆ ಇಳಿಯಿತು.

ಬಹಳ ಹೊತ್ತಿನ ಮೇಲೆ ಭೀಮಮ್ಮ ಮಾಸ್ಕು ತುಸು ಸರಿಸಿ, ಬೀದಿಯ ಕಡೆ ನೋಡುತ್ತ, "ಮರಿ ಚಲೋ ಬೆಳದೈತಿ," ಎಂದಳು.

ಒಳಗೆ ಬಾಲಮ್ಮ ದೀಪದ ಕಡೆ ನೋಡುತ್ತಿದ್ದಳು. "ಎರಡು ತಿಂಗಳಿಂದು. ತಾಯಿಗಿ ಹಾಲಿಲ್ಲ."

"ನಮ್ಮ ಕರಿ ಕುರಿಗಿ ಐತಿ."

ಅಷ್ಟರಲ್ಲಿ ಕರೆಂಟು ಬಂತು. ಓಣಿಯುದ್ದಕ್ಕೂ ಬಲ್ಬು ಹತ್ತಿದವು, ಪಕ್ಕದ ಭೀಮಮ್ಮನ ಮನೆಯಲ್ಲೂ. ಯಾರೂ ಏಳಲಿಲ್ಲ. ಬಾಲಮ್ಮನ ಬೆರಳು ವೈರಿನ ಮೇಲೆ ಹಾಗೇ ಇತ್ತು.