ಸತ್ತವನಿಗೊಂದು ಕುರ್ಚಿ

ರೇಡಿಯೋದಲ್ಲಿ ನನ್ನ ಗಂಡನ ಹೆಸರು ಬಂದಾಗ ನಾನು ಜೋಳ ಕುಟ್ಟುತ್ತಿದ್ದೆ. ಒನಕೆ ಕೈಜಾರಿ ಕಾಲ ಮೇಲೆ ಬಿತ್ತು, ನೋವೇ ಗೊತ್ತಾಗಲಿಲ್ಲ. ಯುದ್ಧ ನಿಂತ ವರ್ಷ ಅದು. ದೇಶ ಇನ್ನೂ ನಮ್ಮದಾಗಿರಲಿಲ್ಲ. ಉತ್ತರದಲ್ಲಿ ಕೂತು ನಮ್ಮನ್ನು ಆಳುತ್ತಿದ್ದ ಖಾರ್ಟೂಮಿನವರು ನಮ್ಮ ದಕ್ಷಿಣಕ್ಕೆ ಸ್ವಂತ ಆಡಳಿತವೊಂದನ್ನು ಬಿಟ್ಟುಕೊಟ್ಟಿದ್ದರು, ಜೂಬಾದಲ್ಲಿ ನಮ್ಮದೇ ಶಾಸನಸಭೆ ಸೇರಿತ್ತು. ಚುನಾವಣೆ ಗಿನಾವಣೆ ಏನಿಲ್ಲ. ಮೇಲಿನವರು ಹೆಸರು ಬರೆದರು, ರೇಡಿಯೋ ಓದಿತು. "ಯಿರೋಲ್ ಸೀಮೆಯಿಂದ ಮಯೋಮ್ ಅಜಾಕ್" ಎಂದಿತು.

ಮಯೋಮ್ ಯುದ್ಧದಲ್ಲಿ ಸತ್ತು ಹದಿನಾರು ವರ್ಷವಾಗಿತ್ತು. ನಾನು ಅವನ ಮುಖ ನೋಡಿದವಳೇ ಅಲ್ಲ. ಮದುವೆಯಾಗದೆ ಸತ್ತ ಗಂಡಸನ್ನು ಹಾಗೇ ಬಿಟ್ಟರೆ ಅವನು ಕನಸಿಗೆ ಬಂದು ಕಾಡುತ್ತಾನೆ. ಅದಕ್ಕೇ ನಮ್ಮವರು ದನ ಕೊಟ್ಟು ಅವನ ಹೆಸರಿಗೆ ಹೆಣ್ಣು ತರುತ್ತಾರೆ. ಹಾಗೆ ಬಂದವಳು ನಾನು, ಅಲುವೆಲ್. ನನ್ನ ಜೊತೆ ಬಾಳುವವನು ಮಯೋಮನ ತಮ್ಮ ಲುವಾಲ್. ಮಕ್ಕಳನ್ನು ಹುಟ್ಟಿಸಿದವನೂ ಅವನೇ. ಆದರೆ ಮಕ್ಕಳಿಗೆ ಅವನು ಚಿಕ್ಕಪ್ಪ, ಅಪ್ಪ ಮಾತ್ರ ಮಯೋಮ್. ಇದರಲ್ಲಿ ನನಗೆ ಯಾವ ಕೊರಗೂ ಇರಲಿಲ್ಲ. ಸತ್ತ ಗಂಡ ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಬದುಕಿರುವ ಲುವಾಲನ ಮೇಲೆ ನಾನು ಪ್ರಾಣವನ್ನೇ ಇಟ್ಟುಕೊಂಡಿದ್ದೆ.

ಅತ್ತೆ ನ್ಯಾನೂತ್ ರೇಡಿಯೋವನ್ನೇ ದಿಟ್ಟಿಸಿ ನೋಡಿದಳು. "ಅವನ ಹೆಣ ನೋಡಿದವರು ಯಾರೇ? ಯಾವನೋ ಬಂದು ಸತ್ತ ಅಂದ, ನಾವು ನಂಬಿದ್ವಿ. ಏಳು, ಜೂಬಾಕ್ಕೆ ಹೋಗೋಣ."

ಲುವಾಲ್ ಅವತ್ತು ಊಟಕ್ಕೆ ಕೈ ಹಚ್ಚಲಿಲ್ಲ. "ಅಣ್ಣ ಬಂದ್ರೆ ನೀನೂ ಅವನವಳೇ, ಮಕ್ಕಳೂ ಅವನವೇ" ಅಂದ. "ನಾನು ದನದ ಹಟ್ಟಿಗೆ ಹೋಗಿ ಬಿದ್ಕೋತೀನಿ, ಅಷ್ಟೇ."

"ಥೂ, ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಅಷ್ಟೇನಾ ನಾನು ನಿಂಗೆ?" ಎಂದು ಮನಸಾರೆ ಬೈದೆ. ಬೈದು ಒಳಗೆ ಹೋದ ಮೇಲೆ ದುಃಖ ತಡೆಯಲಾಗಲಿಲ್ಲ.

ಲಾರಿಯಲ್ಲಿ ಜೂಬಾದವರೆಗೂ ಅತ್ತೆ ಕಣ್ಣು ಮುಚ್ಚಿ ಏನೋ ಮಣಮಣ ಬೇಡಿಕೊಳ್ಳುತ್ತಿದ್ದಳು. ನಾನೂ ಬೇಡಿಕೊಳ್ಳುತ್ತಿದ್ದೆ. ದೇವರೇ, ಅವನು ಸತ್ತೇ ಇರಲಿ.

ಸಭೆಯ ಬಾಗಿಲಲ್ಲಿ ಪಿತಿಯಾ ಎಂಬ ಗುಮಾಸ್ತ ನಮ್ಮ ಹೆಸರು ಕೇಳಿ ಮುಖ ಅರಳಿಸಿದ. "ಮಯೋಮ್ ಸಾಹೇಬ್ರ ಮನೆಯವರಾ? ಅಬ್ಬಾ, ಅಂತೂ ಬಂದ್ರಲ್ಲ! ಎಲ್ಲಿ ತಾಯಿ ಅವ್ರು? ಎಲ್ಲಾರೂ ಪ್ರಮಾಣ ಮಾಡಿದ್ದಾಯ್ತು, ಅವರೊಬ್ರೇ ಬಾಕಿ."

"ಕರೆದವರು ನೀವು. ಎಲ್ಲಿದ್ದಾನೆ ಅಂತ ನೀವೇ ಹೇಳ್ಬೇಕು" ಎಂದು ಸಿಡುಕಿದೆ. ಅವನು ಪೆಚ್ಚಾಗಿ ನಮ್ಮನ್ನು ಮೇಲಿನ ಬೆಂಚಿನಲ್ಲಿ ಕೂರಿಸಿದ.

ಕೆಳಗೆ ಸದಸ್ಯರು ತುಂಬಿದ್ದರು. ನಡುವೆ ಒಂದೇ ಒಂದು ಕುರ್ಚಿ ಖಾಲಿ. ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಯಾರೂ ತೆಗೆದಿರಲಿಲ್ಲ. ಹಾಜರಿ ಕರೆಯುತ್ತಾ ಹೋದರು. "ಮಯೋಮ್ ಅಜಾಕ್." ಉತ್ತರವಿಲ್ಲ. ಮತ್ತೆ ಕರೆದರು. ಇಡೀ ಸಭೆ ಬಾಗಿಲ ಕಡೆ ತಿರುಗಿತು. ಹೊರಗೆ ಹೆಜ್ಜೆಯ ಸಪ್ಪಳವಾಯಿತು. ಬಂದವಳು ಚಹಾ ತರುವವಳು.

ಖಾಲಿ ಕುರ್ಚಿಯ ಪಕ್ಕ ಒಬ್ಬ ದಪ್ಪನೆಯ ಮುದುಕ ತಲೆ ತಗ್ಗಿಸಿ ಕೂತಿದ್ದ. ಊಟಕ್ಕೆ ಬಿಟ್ಟಾಗ ನೇರ ನಮ್ಮ ಹತ್ತಿರ ಬಂದ.

"ಅಮ್ಮಾ, ನಾನು ತೀಕ್. ಕಾಡಲ್ಲಿ ಮಯೋಮ್ ಜೊತೆಗಿದ್ದೆ."

"ನನ್ನ ಮಗ ಎಲ್ಲಿ?" ಅತ್ತೆ ಕೇಳಿದಳು.

"ಇದೇ ಕೈಯಲ್ಲಿ ಮಣ್ಣು ಮಾಡ್ದೆ, ತಾಯಿ."

"ಹಾಗಾದ್ರೆ ಆ ಹೆಸರು?" ನಾನು ಕಿರುಚಿದೆ. "ಹೆಸರು ಕೊಟ್ಟವನು ಯಾವನು?"

"ನಾನೇ. ಕನಸಿಗೆ ಬರ್ತಾನಮ್ಮ. 'ನಿಮಗೆಲ್ಲ ಕುರ್ಚಿ ಸಿಕ್ತು, ನಂದೆಲ್ಲೋ ತೀಕ್' ಅಂತಾನೆ. ಹೋರಿ ಬಲಿ ಕೊಟ್ಟೆ, ಹೋಗ್ಲಿಲ್ಲ. ಮೇಲಿನವರು 'ನಿಮ್ಮ ಸೀಮೆಯಿಂದ ಹೆಸರು ಕೊಡು' ಅಂದಾಗ ಅವನದನ್ನೂ ಬರೆಸಿಬಿಟ್ಟೆ. ಸತ್ತವನಿಗೆ ಹೆಂಡ್ತೀನೇ ತರ್ತೀವಿ, ಒಂದು ಕುರ್ಚಿ ಕೊಟ್ರೆ ತಪ್ಪೇನು ಅನ್ನಿಸ್ತು."

"ಈಗ ಬರೋದು ಬಿಟ್ಟನಾ?"

ತೀಕ್ ಮುಖ ಒರೆಸಿಕೊಂಡ. "ಈಗ ಹಗಲಲ್ಲೇ ಬರ್ತಾನೆ. ಹೆಸರು ಕೂಗಿದ ತಕ್ಷಣ ಪಕ್ಕದ ಕುರ್ಚಿ ಕಿರ್ ಅನ್ನುತ್ತೆ. ನಂಗೆ ಆ ಕಡೆ ತಿರುಗಿ ನೋಡೋ ಧೈರ್ಯ ಇಲ್ಲ."

ನನಗಾದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ? ಲುವಾಲ್ ನನ್ನವನಾಗಿಯೇ ಉಳಿದ ಎಂದು ಹೊಟ್ಟೆ ತಣ್ಣಗಾಯಿತು. ಅತ್ತೆಯ ಮುಖ ನೋಡಲು ಮಾತ್ರ ನಾಚಿಕೆಯಾಯಿತು. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ಇವತ್ತು ಇನ್ನೊಂದ್ಸಲ ಕರೀತಾರಾ?" ಎಂದು ಕೇಳಿದಳು.

"ಊಟ ಆದ್ಮೇಲೆ ಒಂದು ಮಸೂದೆ ಮತಕ್ಕೆ ಹಾಕ್ತಾರೆ. ಒಬ್ಬೊಬ್ರನ್ನೇ ಕರೀತಾರೆ."

"ಹಾಗಾದ್ರೆ ಕೂರ್ತೀನಿ."

ಮಧ್ಯಾಹ್ನ ವಿಪರೀತ ಸೆಖೆಯಿತ್ತು, ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. "ಮಯೋಮ್ ಅಜಾಕ್" ಎಂದರು. ಕೆಳಗೆ ಆ ಹೊಸ ಪ್ಲಾಸ್ಟಿಕ್ ಚರಪರ ಎಂದಿತು, ಯಾರೋ ಕೂತವರು ಏಳುವಾಗ ಆಗುವ ಹಾಗೆ. ನಾನು ಕೇಳಿಸಿಕೊಂಡೆ.

ಅತ್ತೆ ಎದ್ದು ನಿಂತಳು. "ಕರೀಬೇಡಿ!"

ಸಭಾಧ್ಯಕ್ಷರು ಗಂಟೆ ಬಾರಿಸಿದರು. "ಅಜ್ಜಿ, ಕೂತ್ಕೊಳ್ಳಿ. ಏನಂತಿದ್ದಾರೆ ಅವರು? ಡಿಂಕಾ ಭಾಷೆ ಬಲ್ಲವರು ಯಾರಾದ್ರೂ ಹೇಳ್ರಪ್ಪಾ."

ಬಲ್ಲವರು ಬೇಕಾದಷ್ಟು ಜನರಿದ್ದರು. ಎದ್ದವನು ತೀಕ್. ಅತ್ತೆ ಒಂದೊಂದು ಮಾತು ಹೇಳಿದಂತೆ ಅವನು ಇಡೀ ಸಭೆಗೆ ಅದನ್ನು ಹೇಳಬೇಕಾಯಿತು.

"ಅವನು ಸತ್ತಿದ್ದಾನೆ. ನೀವು ಕರೆದಾಗೆಲ್ಲ ಪಾಪ, ಅವನು ಏಳ್ಬೇಕು. ಯುದ್ಧದಲ್ಲೂ ನೀವು ಕರೆದಾಗೆಲ್ಲ ಎದ್ದು ಬಂದ. ಇನ್ನಾದ್ರೂ ಮಲಗೋಕೆ ಬಿಡಿ ನನ್ನ ಮಗನ್ನ." ಕೊನೆಯ ಮಾತನ್ನು ತೀಕ್ ಎರಡು ಸಲ ಹೇಳಿದ ಮೇಲೆ ಜನಕ್ಕೆ ಕೇಳಿಸಿತು. ಸಭಾಧ್ಯಕ್ಷರು ಹೆಸರು ಹೊಡೆದುಹಾಕಲು ಹೇಳಿದರು. ಇಬ್ಬರು ಜವಾನರು ಕುರ್ಚಿಯನ್ನು ಹೊರಗೆ ಹೊತ್ತುಕೊಂಡು ಹೋದರು.

ರಸ್ತೆ ಬದಿಯಲ್ಲಿ ಲಾರಿಗೆ ಕಾಯುತ್ತಾ ನಿಂತಿದ್ದೆವು.

"ಬರೋವಾಗ ದಾರಿಯುದ್ದಕ್ಕೂ ನೀನು ಏನು ಬೇಡ್ಕೊಂಡೆ ಅಂತ ನಂಗೊತ್ತು ಕಣೇ" ಎಂದಳು ಅತ್ತೆ.

ನಾನು ಲಾರಿ ಬರುವ ಕಡೆಗೆ ಮುಖ ತಿರುಗಿಸಿದೆ.

"ನಾನೂ ಅದನ್ನೇ ಬೇಡ್ಕೊಂಡೆ."

"ಅತ್ತೇ! ಹೆತ್ತ ಮಗನಿಗೆ?"

"ಸತ್ತಿದ್ದಕ್ಕೆ ಬರ್ಲಿಲ್ಲ ಅಂತ ಹೇಗೋ ಬದುಕಿದೀನಿ. ಬದುಕಿದ್ದೂ ಇಷ್ಟು ವರ್ಷ ಅಮ್ಮನ್ನ ನೋಡೋಕೆ ಬರ್ಲಿಲ್ಲ ಅಂತಾಗಿದ್ರೆ ನಾನು ಏನು ಮಾಡ್ಲಿ, ಹೇಳು?"

ಹಾಗೆಂದು ಅವಳು ರಸ್ತೆಯ ಧೂಳಿನಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ಮುಖವನ್ನೇ ನೋಡದ ನನ್ನ ಗಂಡನಿಗಾಗಿ ಅವತ್ತೇ ಮೊದಲ ಸಲ ನನ್ನ ಕಣ್ಣಲ್ಲಿ ನೀರು ಬಂತು.