ಟಿವಿಯೊಳಗಿನ ಚೆನ್ನೆಮಣೆ

ಫ್ಲೋರಿನ್ ಮೊಂತೇರೊ ಟ್ಯಾಕ್ಸಿಯಿಂದ ಇಳಿಯುವಾಗ ದೋಹಾದ ಮುಶೈರಿಬ್‌ನ ಅಂಗಡಿಗಳು ಶುಕ್ರವಾರದ ಮಧ್ಯಾಹ್ನದ ನಿದ್ದೆ ಮುಗಿಸಿ ಒಂದೊಂದಾಗಿ ಶಟರ್ ಎತ್ತುತ್ತಿದ್ದವು. ಅವಳ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಕಂಪ್ಯೂಟರ್ ಇತ್ತು. ಮಹಮೂದನ ರಿಪೇರಿ ಅಂಗಡಿಯ ಹಿಂದಿನ ಕೋಣೆಗೆ ನೇರವಾಗಿ ನಡೆದು, ಅದನ್ನು ಮೇಜಿನ ಮೇಲಿಟ್ಟು ಟವೆಲ್ ಬಿಚ್ಚಿದಳು.

"ಮಹಮೂದಾಕ, ಇದಕ್ಕೆ ಕಣ್ಣು ಹೋಗಿದೆ" ಎಂದಳು.

ಮಹಮೂದ್ ಉಳ್ಳಾಲದ ಬ್ಯಾರಿ. ಇಲ್ಲಿ ಟಿವಿ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಲೇ ತಲೆಗೂದಲು ಬೆಳ್ಳಗಾದವನು. ಶುಕ್ರವಾರ ಸಂಜೆ ಮಾತ್ರ ಅವನ ಹಿಂದಿನ ಕೋಣೆ ಬೇರೆಯವರದ್ದಾಗುತ್ತಿತ್ತು. ಕೀಬೋರ್ಡಿನ ಹೊಟ್ಟೆಯಲ್ಲೇ ಇಡೀ ಯಂತ್ರ ಅಡಗಿರುವ, ಮನೆಯ ಟಿವಿಗೆ ಜೋಡಿಸಿ, ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಿಂದ ಪ್ರೋಗ್ರಾಮು ತುಂಬಿಸಬೇಕಾದ ಹಳೆಯ ಹೋಮ್ ಕಂಪ್ಯೂಟರುಗಳ ಹುಚ್ಚಿದ್ದವರು ಅಲ್ಲಿ ಸೇರುತ್ತಿದ್ದರು. ಅದು ೧೯೯೬. ಆಫೀಸುಗಳಲ್ಲೆಲ್ಲ ವಿಂಡೋಸ್ ಬಂದಾಗಿತ್ತು. ಈ ಯಂತ್ರಗಳನ್ನು ಜನ ಕಸದ ತೊಟ್ಟಿಯ ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದರು. ಮೆಸಯೀದ್‌ನ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿದ್ದ ಕಾರ್ಕಳದ ಯಜ್ಞೇಶ್, ಸುಡಾನಿನ ಒಬ್ಬ ಗಣಿತದ ಮೇಷ್ಟ್ರು, ಇನ್ನೂ ಕೆಲವರು ಅವನ್ನು ಎತ್ತಿಕೊಂಡು ಬಂದು, ತೊಳೆದು, ಬೆಸುಗೆ ಹಾಕಿ, ಮತ್ತೆ ಓಡಿಸುತ್ತಿದ್ದರು. ಒಬ್ಬರ ಕ್ಯಾಸೆಟ್ ಇನ್ನೊಬ್ಬರ ಕೈಗೆ ಹೋಗುತ್ತಿತ್ತು.

ಅಲ್ಲಿಗೆ ಬರುತ್ತಿದ್ದ ಹೆಂಗಸು ಫ್ಲೋರಿನ್ ಒಬ್ಬಳೇ. ಊರು ಮಂಗಳೂರಿನ ಕುಲಶೇಖರ. ಇಲ್ಲಿ ಹಡಗಿನ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಟೈಪಿಸ್ಟ್. ಇಬ್ಬರು ನರ್ಸುಗಳ ಜೊತೆ ಫ್ಲ್ಯಾಟಿನಲ್ಲಿ ವಾಸ. ಆಫೀಸಿಗೆ ಹೊಸ ಕಂಪ್ಯೂಟರು ಬಂದಾಗ ಮೂಲೆಯಲ್ಲಿದ್ದ ಹಳೆಯದನ್ನು ಮ್ಯಾನೇಜರು "ಬೇಕಾದರೆ ಒಯ್ಯಿ" ಎಂದಿದ್ದ. ಮೊದಮೊದಲು ಏನು ಮಾಡುವುದೆಂದು ಅವಳಿಗೆ ತಿಳಿದಿರಲಿಲ್ಲ. ನರ್ಸುಗಳಿಗೆ ಶಿಫ್ಟ್ ಇರುತ್ತಿದ್ದುದರಿಂದ ಸಂಜೆಗಳಲ್ಲಿ ಮಾತಿಗೂ ಜನ ಇರಲಿಲ್ಲ. ಚಿಕ್ಕಂದಿನಲ್ಲಿ ನೆರೆಮನೆಯ ಬಂಟರ ಹುಡುಗಿಯರ ಜೊತೆ ಆಡುತ್ತಿದ್ದ, ಒಂದು ಗುಳಿಯ ಕಾಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುವ ಚೆನ್ನೆಮಣೆ ಆಡಬೇಕೆಂದು ಆಸೆಯಾಯಿತು. ಆಡಲು ಎದುರಿಗೆ ಒಬ್ಬರು ಬೇಕಲ್ಲ? ಪುಸ್ತಕ ಓದಿ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಯಂತ್ರಕ್ಕೇ ಚೆನ್ನೆಮಣೆ ಕಲಿಸಿಬಿಟ್ಟಳು. ಪರದೆಯ ಮೇಲೆ ಎರಡು ಸಾಲು ಗುಳಿ, ಗುಳಿಯಲ್ಲಿ ಕೆಂಪು ಕಾಳು. ಒಂದೊಂದು ಕಾಳು ಬೀಳುವಾಗಲೂ ಟಿಕ್ ಎಂದು ಸದ್ದು. ಯಂತ್ರ ಮೊದಲು ದಡ್ಡನಂತೆ ಆಡುತ್ತಿತ್ತು. ತಿದ್ದಿ ತಿದ್ದಿ ಈಗ ಅವಳನ್ನೇ ಆಗಾಗ ಸೋಲಿಸುವಷ್ಟು ಬುದ್ಧಿ ಬಂದಿತ್ತು.

ಮಹಮೂದ್ ಯಂತ್ರವನ್ನು ಟಿವಿಗೆ ಜೋಡಿಸಿದ. ಪರದೆಯಲ್ಲಿ ಬರೀ ಬೂದಿ ಬಣ್ಣ. ಫ್ಲೋರಿನ್ ಕತ್ತಲಲ್ಲಿ ತಡವಿದವಳಂತೆ ನಾಲ್ಕು ಅಕ್ಷರ ಒತ್ತಿದಳು. ಯಂತ್ರ ಪೀಂ ಎಂದಿತು.

"ಜೀವ ಉಂಟು. ಚಿತ್ರ ಬಿಡಿಸುವ ಚಿಪ್ ಹೋಗಿದೆ. ಅಂಗಡಿಯಲ್ಲಿ ಎಲ್ಲಿ ಸಿಗ್ತದೆ ಇದು ಈಗ? ಇಂಥದ್ದೇ ಇನ್ನೊಂದು ಯಂತ್ರದಿಂದ ತೆಗೀಬೇಕು" ಎಂದ ಯಜ್ಞೇಶ್.

ಮಹಮೂದ್‌ಗೆ ನೆನಪಾಯಿತು. ಅಲ್ ಥುಮಾಮಾದಲ್ಲಿ ಒಂದು ಕತಾರಿ ಮನೆಗೆ ಟಿವಿ ರಿಪೇರಿಗೆ ಹೋದಾಗ ಸ್ಟೋರ್ ರೂಮಿನಲ್ಲಿ ಇದೇ ಜಾತಿಯ, ಅರಬ್ಬಿ ಅಕ್ಷರದ ಯಂತ್ರವೊಂದನ್ನು ನೋಡಿದ್ದ. ಅವನು ಫೋನು ಮಾಡಿದ. ಮನೆಯ ಮಗಳು ಜುಮಾನಾ ಶಾಲೆಯಲ್ಲಿ ಟೀಚರ್. "ಅದು ಸತ್ತು ವರ್ಷಗಳಾಯಿತು, ಒಯ್ದುಬಿಡಿ" ಎಂದಳು.

ಮಹಮೂದ್ ಆ ವಾರವೇ ಪಿಕಪ್‌ನಲ್ಲಿ ಹೋಗಿ ತಂದ. ಮುಂದಿನ ಶುಕ್ರವಾರ ಎಲ್ಲರೆದುರು ಅದನ್ನು ಬಿಚ್ಚಿದಾಗ ಒಳಗೆ ಧೂಳು ಬಿಟ್ಟರೆ ಬೇರೇನೂ ಕೆಟ್ಟಂತೆ ಕಾಣಲಿಲ್ಲ. ಯಜ್ಞೇಶ್ ಮೀಟರು ಹಿಡಿದು ನೋಡಿದ. ಸುಟ್ಟಿದ್ದು ಒಂದು ಫ್ಯೂಸ್. ಮಹಮೂದ್ ಬೇರೆ ಫ್ಯೂಸ್ ಹಾಕಿ ಸ್ವಿಚ್ ಒತ್ತಿದ. ಟಿವಿಯ ಪರದೆ ನೀಲಿಯಾಗಿ ಬೆಳಗಿತು. ಬಿಳಿ ಅಕ್ಷರಗಳು ಮೂಡಿದವು.

ಸುಡಾನಿ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಫ್ಲೋರಿನ್ ಸಂತೋಷದಿಂದ ಕುರ್ಚಿ ಎಳೆದುಕೊಂಡಳು. "ಸರಿ, ಚಿಪ್ ಚೆನ್ನಾಗುಂಟು ಅಂತ ಗೊತ್ತಾಯ್ತು. ತೆಗೀರಿ ಮಹಮೂದಾಕ."

ಮಹಮೂದ್ ಬೆಸುಗೆಯ ಕಡ್ಡಿಯನ್ನು ಮುಟ್ಟಲಿಲ್ಲ. "ತೆಗೀಲಿಕ್ಕೆ ಆಗ್ಲಿಕ್ಕಿಲ್ಲ ಬಾಯಿ" ಎಂದ. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ಅವಳನ್ನು ಅವನು ಬಾಯಿ ಎನ್ನುತ್ತಿದ್ದ.

"ಎಂತಕ್ಕೆ?"

"ಅವ್ರು ಸತ್ತಿದೆ ಅಂತ ಕೊಟ್ಟದ್ದು. ಇದು ಸಾಯ್ಲಿಲ್ಲ. ಕೇಳದೆ ಕೊಯ್ಯುದು ಸರಿ ಅಲ್ಲ."

"ಕೇಳಿದ್ರೆ ವಾಪಸ್ ತಕ್ಕೊಳ್ತಾರೆ. ಪುನಃ ಸ್ಟೋರಲ್ಲಿ ಹಾಕ್ತಾರೆ. ಧೂಳು ತಿಂತಾ ಕೂತಿರ್ತದೆ. ನಂದು ದಿನಾ ಓಡುವ ಯಂತ್ರ ಮಾರಾಯ್ರೆ! ಯಾವುದು ಬದುಕ್ಬೇಕು ನೀವೇ ಹೇಳಿ."

ಮಹಮೂದ್ ತಲೆ ತಗ್ಗಿಸಿ, "ಕೆಟ್ಟದ್ದನ್ನು ಓಡಿಸುದೇ ನಾವು ಇಲ್ಲಿ ಕೂತು ಮಾಡುವ ಕೆಲಸ. ಓಡುವುದನ್ನು ಕೆಡಿಸಿದ್ರೆ ಮತ್ತೆ ನಮಗೂ ಗುಜರಿಯವನಿಗೂ ಎಂತ ವ್ಯತ್ಯಾಸ?" ಎಂದ.

ಫ್ಲೋರಿನ್ ಯಜ್ಞೇಶನ ಕಡೆ ನೋಡಿದಳು. "ಇಬ್ರು ಹೇಳುದೂ ಸರಿಯೇ ಅಕ್ಕ" ಎಂದ ಅವನು. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಅವಳು ತನ್ನ ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡಳು. "ಖಲಾಸ್. ನಿಮ್ಮ ನ್ಯಾಯ ನೀವೇ ಇಟ್ಕೊಳ್ಳಿ" ಎಂದು ಹೊರಗೆ ನಡೆದಳು.

ಆಮೇಲಿನ ಶುಕ್ರವಾರಗಳಲ್ಲಿ ಅವಳು ಬರಲಿಲ್ಲ. ಫ್ಲ್ಯಾಟಿನಲ್ಲಿ ಒಂದು ಸಂಜೆ ಬೇಸರ ತಡೆಯಲಾರದೆ ಕುರುಡು ಯಂತ್ರಕ್ಕೆ ಕ್ಯಾಸೆಟ್ ಹಾಕಿದಳು. ಅದು ಕಿರುಚಿ ಕಿರುಚಿ ಪ್ರೋಗ್ರಾಮು ನುಂಗಿಕೊಂಡಿತು. ಊಟದ ಮೇಜಿನ ಮೇಲೆ ಬಾಟಲಿ ಮುಚ್ಚಳಗಳನ್ನು ಎರಡು ಸಾಲಾಗಿ ಜೋಡಿಸಿ ಕಡಲೆಕಾಳು ಹಂಚಿದಳು. ತನ್ನ ಆಟವನ್ನು ಒತ್ತಿ, ಯಂತ್ರ ಟಿಕ್ ಟಿಕ್ ಎನ್ನುವುದನ್ನು ಎಣಿಸಿ, ಅದು ಯಾವ ಗುಳಿಯಿಂದ ಆಡಿರಬಹುದೆಂದು ಊಹಿಸಿ ಕಾಳು ಸರಿಸಿದಳು. ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಒಂದೇ ಸಂಖ್ಯೆಯ ಕಾಳಿದ್ದ ಎರಡು ಗುಳಿ ಬಂದವು. ಯಂತ್ರ ಯಾವುದನ್ನು ಎತ್ತಿತೋ ತಿಳಿಯಲಿಲ್ಲ. ಮುಂದೆ ಯಂತ್ರದ ಆಟವೇ ಬೇರೆ, ಮೇಜಿನ ಆಟವೇ ಬೇರೆ ಆಯಿತು. ಅವಳು ಕಡಲೆಯನ್ನು ಡಬ್ಬಿಗೆ ಸುರಿದು, ಸುಮ್ಮನೆ ಅತ್ತಳು. ಡ್ಯೂಟಿ ಮುಗಿಸಿ ಬಂದ ನರ್ಸು ಉರ್ಸುಲಾ "ಎಂತಾಯ್ತು?" ಎಂದು ಕೇಳಿದಾಗ, ಒಂದು ಕಂಪ್ಯೂಟರಿಗಾಗಿ ಅಳುತ್ತಿದ್ದೇನೆ ಎನ್ನಲು ನಾಚಿಕೆಯಾಗಿ ತಲೆನೋವು ಎಂದಳು.

ಒಂದು ದಿನ ಮಹಮೂದ್ ಅವಳ ಆಫೀಸಿಗೆ ಫೋನು ಮಾಡಿದ.

"ಬಾಯಿ, ಆ ಯಂತ್ರ ಅವರಿಗೆ ವಾಪಸ್ ಕೊಟ್ಟೆ. ಜುಮಾನಾ ತುಂಬಾ ಖುಷಿಪಟ್ರು. ಅವರ ಉಮ್ಮನಿಗೆ ಮೊಣಕಾಲು ಆಪರೇಷನ್ ಆಗಿ ಮನೆಯಲ್ಲೇ ಕೂತಿದ್ದಾರಂತೆ. ಹೊತ್ತು ಹೋಗ್ಲಿಕ್ಕೆ ಎಂತಾದ್ರೂ ಆಟ ಉಂಟಾ ಅಂತ ಕೇಳ್ತಿದ್ದಾರೆ. ನನ್ನ ಹತ್ರ ಇರುದೆಲ್ಲ ಢಂ ಢಂ ಗುಂಡು ಹೊಡೆಯುದು. ಮುದುಕಿಗೆ ಅದು ಆಗ್ಲಿಕ್ಕುಂಟಾ?"

ಫ್ಲೋರಿನ್ ಮೇಜಿನ ಮೇಲಿನ ಕಾಗದಗಳನ್ನು ಪಕ್ಕಕ್ಕೆ ಸರಿಸಿದಳು. "ನನಗೆ ಒಂದು ಚಿಪ್ ಕೊಡ್ಲಿಕ್ಕಾಗ್ಲಿಲ್ಲ. ಈಗ ನನ್ನ ಆಟ ಬೇಕಾ ನಿಮಗೆ?"

"ಬೇಕಿತ್ತು" ಎಂದ ಮಹಮೂದ್, ಮೆತ್ತಗೆ.

ಅವಳು ಒಪ್ಪಿದ್ದು ಆ ಮುದುಕಿಯ ಮೇಲಿನ ಕನಿಕರದಿಂದ ಅಲ್ಲ. ಕೆಂಪು ಕಾಳುಗಳನ್ನು ಇನ್ನೊಮ್ಮೆ ಪರದೆಯ ಮೇಲೆ ನೋಡಬೇಕೆನಿಸಿತ್ತು, ಅಷ್ಟೆ.

ಶುಕ್ರವಾರ ಯಜ್ಞೇಶನೂ ಸೇರಿ ಮೂವರೂ ಹೋದರು. ಗಂಡಸರು ಹೊರಗೆ ಅತಿಥಿಗಳನ್ನು ಕೂರಿಸುವ ಮಜ್ಲಿಸ್‌ನಲ್ಲಿ ಕುಳಿತರು. ಜುಮಾನಾ ಫ್ಲೋರಿನ್‌ಳನ್ನು ಒಳಗೆ ಹೆಂಗಸರ ಕೋಣೆಗೆ ಕರೆದೊಯ್ದಳು. ಅವಳ ತಾಯಿ ಗೋಡೆಗೊರಗಿ, ಒಂದು ಕಾಲು ಚಾಚಿ ಕುಳಿತಿದ್ದರು. ಹಣೆ, ಮೂಗು ಮುಚ್ಚುವ, ಮುಖವಾಡದಂಥ ಹಳೆಯ ಕಾಲದ ಬುರ್ಖಾದ ಸಂದಿಯಿಂದ ಎರಡು ಚುರುಕು ಕಣ್ಣುಗಳು ಫ್ಲೋರಿನ್‌ಳನ್ನು ಅಳೆದವು.

ಕ್ಯಾಸೆಟ್ಟಿನಿಂದ ಪ್ರೋಗ್ರಾಮು ತುಂಬಲಿಲ್ಲ. ಒಂದೊಂದು ಸಲವೂ ನಡುವೆ ತಪ್ಪೆಂದು ಯಂತ್ರ ನಿಲ್ಲಿಸುತ್ತಿತ್ತು. ಫ್ಲೋರಿನ್ ಮಜ್ಲಿಸ್‌ನ ಬಾಗಿಲಿಗೆ ಓಡಿ, "ಯಜ್ಞೇಶ್, ನಿನ್ನ ಸಣ್ಣ ಸ್ಕ್ರೂಡ್ರೈವರ್ ಕೊಡು ಮಾರಾಯ" ಎಂದು ಕೇಳಿ ತಂದಳು. ಆ ಮನೆಯ ಟೇಪ್‌ರೆಕಾರ್ಡರಿನಲ್ಲಿ ಟೇಪನ್ನು ಓದುವ ಹೆಡ್ಡನ್ನು ಕೂದಲೆಳೆಯಷ್ಟು ತಿರುಗಿಸಿ, ಕಿರುಚುವ ಸದ್ದು ಚೂಪಾಗುವವರೆಗೆ ಕಿವಿಗೊಟ್ಟಳು. ಮುದುಕಿ ಕಿವಿ ಮುಚ್ಚಿಕೊಂಡರು. ಈ ಬಾರಿ ನಿಲ್ಲದೆ ಹೋಯಿತು. ಪರದೆಯ ಮೇಲೆ ಗುಳಿಗಳು ಮೂಡಿ, ಕಾಳುಗಳು ಟಿಕ್ ಟಿಕ್ ಎಂದು ತುಂಬಿಕೊಂಡವು.

ಮುದುಕಿ ಕಿವಿಯಿಂದ ಕೈ ತೆಗೆದು ಅರಬ್ಬಿಯಲ್ಲಿ ಏನೋ ಕೂಗಿದರು. ಜುಮಾನಾ ಆಶ್ಚರ್ಯದಿಂದ ಇಂಗ್ಲಿಷಿನಲ್ಲಿ ಹೇಳಿದಳು, "ಅಮ್ಮನಿಗೆ ಇದು ಗೊತ್ತಂತೆ. ಚಿಕ್ಕವರಿದ್ದಾಗ ಸಮುದ್ರದ ದಂಡೆಯ ಮರಳಲ್ಲಿ ಗುಳಿ ತೋಡಿ ಆಡ್ತಿದ್ರಂತೆ. ನನಗೆ ಒಂದು ದಿನವೂ ಹೇಳಿರಲಿಲ್ಲ!"

ಯಾವ ಗುಂಡಿ ಒತ್ತಬೇಕೆಂದು ಫ್ಲೋರಿನ್ ತೋರಿಸಿಕೊಟ್ಟಳು. ಮುದುಕಿ ಆಡಿದರು. ಯಂತ್ರ ಆಡಿತು. ಯಂತ್ರ ಒಂದು ಗುಳಿಯ ಕಾಳನ್ನೆಲ್ಲ ಬಾಚಿಕೊಂಡಾಗ ಮುದುಕಿ ಟಿವಿಯ ಕಡೆ ಬೆರಳು ತೋರಿಸಿ "ಹರಾಮಿ!" ಎಂದು ಕಿರುಚಿದರು. ಫ್ಲೋರಿನ್ ಬೆಚ್ಚಿದಳು. ಜುಮಾನಾ ನಕ್ಕಳು. "ನಮ್ಮಲ್ಲಿ ಹರಾಮಿ ಅಂದರೆ ಕಳ್ಳ. ಆ ಕಾಳು ಅದಕ್ಕೆ ಸೇರಬಾರದಂತೆ. ಅವರ ಕ್ರಮ ಬೇರೆ."

"ನಮ್ಮ ಊರಲ್ಲಿ ಇದೇ ಕ್ರಮ ಅಂತ ಹೇಳಿ" ಎಂದಳು ಫ್ಲೋರಿನ್, ಕೊಂಚ ಬಿಗಿಯಾಗಿ.

ಮುದುಕಿ ಅದನ್ನು ಕೇಳಿಸಿಕೊಂಡು ಫ್ಲೋರಿನ್‌ಳ ಮಣಿಕಟ್ಟು ಹಿಡಿದು ಜಮಖಾನೆಯ ಮೇಲೆ ಎದುರಿಗೆ ಕೂರಿಸಿಕೊಂಡರು. ಅರಬ್ಬರ ಕಾಫಿ ಕಹ್ವಾ ಕುಡಿಯುವ ಹಿಡಿಯಿಲ್ಲದ ಕಪ್ಪುಗಳನ್ನು ತರಿಸಿ ಎರಡು ಸಾಲು ಇಡಿಸಿದರು. ಕಾಳಿನ ಬದಲು ಖರ್ಜೂರದ ಬೀಜ. "ಯಲ್ಲಾ" ಎಂದರು, ಶುರು ಮಾಡು ಎಂಬಂತೆ.

ಫ್ಲೋರಿನ್ ಮನುಷ್ಯರ ಎದುರು ಕುಳಿತು ಆಡಿ ಎಷ್ಟೋ ವರ್ಷಗಳಾಗಿದ್ದವು. ಯಂತ್ರ ಮೋಸ ಮಾಡುತ್ತಿರಲಿಲ್ಲ. ಈ ಮುದುಕಿ ಎರಡು ಬೀಜವನ್ನು ಒಂದೇ ಬೆರಳಲ್ಲಿ ಜಾರಿಸುತ್ತಿದ್ದರು. ಫ್ಲೋರಿನ್ ಅವರ ಕೈಯನ್ನು ತಡೆದು "ನೀವು ಹರಾಮಿ!" ಎಂದಳು. ತಾನು ಎಂಥ ಮಾತಾಡಿದೆ ಎಂದು ಹೊಳೆದು ಆ ಕೈಯನ್ನು ತಟ್ಟನೆ ಬಿಟ್ಟಳು. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಆಟ ಫ್ಲೋರಿನ್ ಸೋತಳು. ಇನ್ನೊಂದನ್ನೂ ಸೋತಳು. ಹೊರಗೆ ಮುಸ್ಸಂಜೆಯ ಮಗ್ರಿಬ್ ಆಜಾನ್ ಕೇಳಿದಾಗಲೇ ಗಂಡಸರು ಕಾಯುತ್ತಿದ್ದಾರೆಂದು ನೆನಪಾದದ್ದು.

ಹಿಂತಿರುಗುವಾಗ ಪಿಕಪ್‌ನಲ್ಲಿ ಮೂವರೂ ಒತ್ತಿ ಕುಳಿತಿದ್ದರು. "ಚಿಪ್ ಹುಡುಕ್ತಾ ಇದ್ದೇನೆ ಬಾಯಿ" ಎಂದ ಮಹಮೂದ್, ರಸ್ತೆಯಿಂದ ಕಣ್ಣು ತೆಗೆಯದೆ.

"ಹುಡುಕಿ. ಬೇಕೇ ಬೇಕು ನನಗೆ. ಕೋಪ ಹೋಗ್ಲಿಲ್ಲ, ಗೊತ್ತುಂಟಾ? ಸ್ವಲ್ಪ ಕಡಿಮೆ ಆಗಿದೆ, ಅಷ್ಟೇ."

"ಅಷ್ಟು ಸಾಕು" ಎಂದ ಮಹಮೂದ್.

ಆಮೇಲೆ ಫ್ಲೋರಿನ್ ಅಲ್ ಥುಮಾಮಾದ ಆ ಮನೆಗೆ ಆಗಾಗ ಹೋಗತೊಡಗಿದಳು. ಅಲ್ಲಿಯ ಯಂತ್ರದಲ್ಲೇ ಕುಳಿತು ಪ್ರೋಗ್ರಾಮನ್ನು ತಿದ್ದಿದಳು. ಮುದುಕಿ ಹೇಳುವುದು, ಜುಮಾನಾ ಅನುವಾದಿಸುವುದು, ಇವಳು ಬರೆಯುವುದು. ಕೊನೆಗೆ ಆಟ ಶುರುವಾಗುವಾಗ ಮಂಗಳೂರಿನ ಕ್ರಮ ಬೇಕೋ ಕತಾರಿನ ಕ್ರಮ ಬೇಕೋ ಎಂದು ಯಂತ್ರ ಕೇಳುವಂತಾಯಿತು. ಕತಾರಿನ ಕ್ರಮದಲ್ಲಿ ಯಂತ್ರ ಬಹಳ ದಿನ ದಡ್ಡನಾಗಿಯೇ ಉಳಿಯಿತು. ಮುದುಕಿಗೆ ಅದರಿಂದ ಬೇಸರವಿರಲಿಲ್ಲ.

ಫ್ಲೋರಿನ್‌ಳ ಯಂತ್ರಕ್ಕೆ ಚಿಪ್ ಸಿಕ್ಕಿದ್ದು ಮರುವರ್ಷ. ಲಾರಿಯಿಂದ ಬಿದ್ದು ಹೋಳಾಗಿದ್ದ ಅದೇ ಜಾತಿಯ ಒಂದು ಯಂತ್ರವನ್ನು ಯಜ್ಞೇಶ್ ಮೆಸಯೀದ್‌ನ ಗುಜರಿಯಲ್ಲಿ ಕಂಡು ಎತ್ತಿಕೊಂಡು ಬಂದಿದ್ದ. ಮಹಮೂದ್ ಬೆಸುಗೆ ಬಿಡಿಸುವಾಗ ಫ್ಲೋರಿನ್ ಟಾರ್ಚ್ ಹಿಡಿದು ನಿಂತಿದ್ದಳು. ಪರದೆ ನೀಲಿಯಾದಾಗ ಅವನ ಬೆನ್ನಿಗೊಂದು ಗುದ್ದಿದಳು.

ಅಂದು ಸಂಜೆ ಹೊಸ ಆಟದ ಕ್ಯಾಸೆಟ್ ಕೋಣೆಯಲ್ಲಿ ಕೈಯಿಂದ ಕೈಗೆ ಹೋಯಿತು. ಸುಡಾನಿ ಮೇಷ್ಟ್ರು ಒಂದು ಆಟ ಆಡಿ, ಕನ್ನಡಕ ತೆಗೆದು ಒರೆಸಿದರು. "ಇದು ನಮ್ಮ ಅಜ್ಜಿಯ ಆಟ. ಆದರೆ ನಮ್ಮ ಹಳ್ಳಿಯಲ್ಲಿ ಹೀಗೆ ಆಡುವುದಿಲ್ಲ" ಎಂದರು.

ಫ್ಲೋರಿನ್ ಪಕ್ಕದ ಕುರ್ಚಿಯ ಮೇಲಿದ್ದ ವಯರುಗಳನ್ನು ಕೆಳಗೆ ಸರಿಸಿದಳು. "ಕೂತ್ಕೊಳ್ಳಿ ಸರ್" ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ಹೇಗೆ ಆಡ್ತೀರಿ, ನಿಧಾನವಾಗಿ ಹೇಳಿ."